ಸೈಟು ಕೊಳ್ಳುವ ಮೊದಲು: ಕೆಂಗೇರಿಯೋ, ಬಿಡದಿಯೋ?



ಹಾಸ್ಟೆಲ್ಲಿನ ಒಂದು ರೂಮಿನಲ್ಲಿ ಎಂಟು ಹತ್ತು ಜನ ಟ್ರಂಕಿಗೆ ಟ್ರಂಕು ಒತ್ತಿಟ್ಟು ಮಲಗುವ ನಿಮ್ಮ ಮುಂದೆ ಸೈಟಿನ ಮಾತು, ಮನೆ ಸಾಲದ ಮಾತು ಎತ್ತಿದರೆ ನಗು ಬರುವುದು ಸಹಜ. 'ಮೊದಲು ಮೆಸ್ಸಿನಲ್ಲಿ ಬೇಳೆ ಕಾಣೋ ಹಾಗೆ ಸಾರು ಮಾಡಿಸ್ರಪ್ಪ, ಮನೆ ವಿಚಾರ ಆಮೇಲೆ ನೋಡೋಣ' ಅಂತೀರಿ. ನ್ಯಾಯವೇ. ಆದರೂ ಈ ಸಂಚಿಕೆಗೆ ಇದನ್ನೇ ಎತ್ತಿಕೊಂಡಿದ್ದೇವೆ.

ನಿಮಗಿಂತ ಹತ್ತು ಹದಿನೈದು ವರ್ಷ ಮುಂಚೆ ಇದೇ ಹಾಸ್ಟೆಲ್ಲುಗಳ ಅನ್ನ ಉಂಡು ಓದಿದವರು ಇವತ್ತು ಮೇಷ್ಟ್ರಾಗಿದ್ದಾರೆ, ನರ್ಸಾಗಿದ್ದಾರೆ, ಕಂಡಕ್ಟರಾಗಿದ್ದಾರೆ, ಕೆಲವರು ಬ್ಯಾಂಕಿನಲ್ಲಿ, ಕಂಪನಿಯಲ್ಲಿ ಕೂತಿದ್ದಾರೆ. ಸಭೆಗೆ ಬರುತ್ತಾರೆ, ಪತ್ರಿಕೆ ಕೊಳ್ಳುತ್ತಾರೆ, ಭಾಷಣ ಕೇಳುತ್ತಾರೆ. ಭಾಷಣ ಮುಗಿದು ಜಮಖಾನ ಸುತ್ತುವ ಹೊತ್ತಿಗೆ ಹತ್ತಿರ ಬಂದು ಮೆಲ್ಲಗೆ ಕೇಳುವುದು ಮಾತ್ರ ಒಂದೇ ಪ್ರಶ್ನೆ: 'ಅಣ್ಣಾ, ಒಂದು ಸೈಟು ಮಾಡ್ಕೋಬೇಕು ಅಂತಿದೀನಿ. ಕೆಂಗೇರಿ ಕಡೆ ನೋಡೋದಾ, ಬಿಡದಿ ಕಡೆ ಹೋಗೋದಾ?' ಮೆಲ್ಲಗೆ ಯಾಕೆ ಕೇಳುತ್ತಾರೆ ಅಂದರೆ, ಸೈಟು ಮಾಡಿದವನು ಚಳವಳಿ ಬಿಟ್ಟ ಅಂತ ಲೆಕ್ಕ ಹಾಕುವ ಗೆಳೆಯರು ನಮ್ಮಲ್ಲಿದ್ದಾರೆ. ಅವರ ಮಾತನ್ನು ನಾವು ಒಪ್ಪುವುದಿಲ್ಲ. ಸಾವಿರಾರು ವರ್ಷ ಊರ ಹೊರಗೆ ನಿಂತವರ ಮಗ ಆರುನೂರು ಅಡಿ ನೆಲ ತನ್ನ ಹೆಸರಿಗೆ ಬೇಕು ಅಂದರೆ ಅದು ರಾಜಕೀಯದ ಮಾತೇ. ಇನ್ನು ಐದಾರು ವರ್ಷಕ್ಕೆ ನೀವೂ ಇದೇ ಪ್ರಶ್ನೆ ಕೇಳುತ್ತೀರಿ. ಆಗ ಉತ್ತರ ಹೇಳಲು ದಲ್ಲಾಳಿ ಒಬ್ಬನೇ ಇರಬಾರದು.

ಎರಡೂ ಊರು ಮೈಸೂರು ರಸ್ತೆಯವೇ. ನಡುವೆ ಹದಿನೈದಿಪ್ಪತ್ತು ಕಿಲೋಮೀಟರು. ರೈಲಿನಲ್ಲಿ ಹೋದರೆ ಕೆಂಗೇರಿ, ಹೆಜ್ಜಾಲ, ಬಿಡದಿ, ಅಷ್ಟೇ. ಆದರೆ ಕಾಗದದಲ್ಲಿ ಎರಡೂ ಬೇರೆ ಬೇರೆ ಪ್ರಪಂಚ. ಕೆಂಗೇರಿ ಪುರಸಭೆ 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯೊಳಗೆ ಸೇರಿಹೋಯಿತು. 2021ರ ಆಗಸ್ಟಿನಲ್ಲಿ ಮೆಟ್ರೋ ಕೆಂಗೇರಿಗೆ ಬಂತು, 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ ಮುಟ್ಟಿತು. ಬಿಡದಿ ಇನ್ನೊಂದು ಜಿಲ್ಲೆಯ ಊರು. ಬೆಂಗಳೂರಿನವರಿಗೆ ಅದು ತಟ್ಟೆ ಇಡ್ಲಿಯ ಊರು, ನಮ್ಮ ಐ.ಟಿ.ಐ. ಹುಡುಗರಿಗೆ ಕಾರು ಕಾರ್ಖಾನೆಯ ಊರು. 2025ರಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಹೆಸರು ಬದಲಾದದ್ದರಿಂದ ಬಿಡದಿ ಒಂದು ಗೇಣೂ ಹತ್ತಿರ ಬರಲಿಲ್ಲ, ಸೈಟು ಮಾರುವವರ ಬೋರ್ಡಿನಲ್ಲಿ 'ಬೆಂಗಳೂರು' ಎಂಬ ಅಕ್ಷರ ದೊಡ್ಡದಾಯಿತು.

ದಲ್ಲಾಳಿ ಹೇಳುವುದು ಸುಲಭ: 'ಸಾರ್, ಕೆಂಗೇರಿಯಲ್ಲಿ ಎರಡು ರೂಮಿನ ಫ್ಲಾಟು ಬರೋ ದುಡ್ಡಿಗೆ ಬಿಡದಿ ಆಚೆ ತರ್ಟಿ ಫಾರ್ಟಿ ಸೈಟು ಬರುತ್ತೆ. ಎಕ್ಸ್‌ಪ್ರೆಸ್ ರೋಡಿದೆ, ಅರ್ಧ ಗಂಟೆ.' ಆ ಎಕ್ಸ್‌ಪ್ರೆಸ್ ರೋಡಿನ ಕಥೆ ಕೇಳಿ. 2023ರ ಮಾರ್ಚಿನಲ್ಲಿ ಅದನ್ನು ಉದ್ಘಾಟನೆ ಮಾಡಿದರು. ಅದೇ ತಿಂಗಳು ಬಿಡದಿಗೆ ಮುಂಚೆ ಕಣಿಮಿಣಿಕೆ ಹತ್ತಿರ ಟೋಲು ಕೂತಿತು. ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೆ, ಟ್ರ್ಯಾಕ್ಟರಿಗೆ ಮುಖ್ಯ ರಸ್ತೆಯಲ್ಲಿ ಪ್ರವೇಶವಿಲ್ಲ ಎಂದರು. ಅಂದರೆ ಕಾರಿರುವವನಿಗೆ ಅರ್ಧ ಗಂಟೆ. ಬೈಕಿನವನು ಸರ್ವಿಸ್ ರೋಡಿನಲ್ಲಿ ಗುಂಡಿ ಎಣಿಸಿಕೊಂಡು ಹೋಗಬೇಕು. ನಮ್ಮಲ್ಲಿ ಎಷ್ಟು ಜನ ಕಾರಿನವರು?

ಇನ್ನೊಂದು ಲೆಕ್ಕ ಹೆಂಗಸರದ್ದು. ಮನೆ ಎಲ್ಲಿ ಮಾಡಬೇಕು ಎಂದು ಗಂಡಸರು ನಿರ್ಧಾರ ಮಾಡುವಾಗ ಯಾರೂ ಇದನ್ನು ಕೇಳುವುದಿಲ್ಲ. ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುವ ನಮ್ಮ ಅಕ್ಕತಂಗಿಯರು ಸಾವಿರಾರು. 2023ರ ಜೂನಿನಿಂದ ಅವರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಮೆಟ್ರೋಗೆ ಆ ಯೋಜನೆ ಸೇರಿಸಲಿಲ್ಲ. ಬದಲಿಗೆ 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿಸಿ ಗರಿಷ್ಠ ಟಿಕೆಟ್ಟನ್ನು 60 ರೂಪಾಯಿಯಿಂದ 90ಕ್ಕೆ ಒಯ್ದರು. ಹಾಗಾಗಿ 'ಮೆಟ್ರೋ ಪಕ್ಕದಲ್ಲೇ ಸಾರ್' ಎಂಬ ಮಾತಿಗೆ ಮರುಳಾಗುವ ಮೊದಲು, ಮನೆಯ ಹೆಂಗಸು ಬೆಳಿಗ್ಗೆ ಆರೂವರೆಗೆ ಹತ್ತುವ ಬಸ್ಸು ಆ ಲೇಔಟಿನಿಂದ ಎಷ್ಟು ದೂರ ನಿಲ್ಲುತ್ತದೆ, ರಾತ್ರಿ ಎಂಟಕ್ಕೆ ಅಲ್ಲಿಂದ ಮನೆವರೆಗೆ ಬೀದಿ ದೀಪ ಇದೆಯಾ ನೋಡಿ. ಒಂದು ಸಲ ಹಗಲಲ್ಲಿ, ಒಂದು ಸಲ ಕತ್ತಲಲ್ಲಿ ಹೋಗಿ ನೋಡಿ. ಮಳೆ ಬಂದ ಮಾರನೇ ದಿನ ಇನ್ನೊಂದು ಸಲ.

ದುಡ್ಡಿನ ವಿಚಾರಕ್ಕೆ ಬರೋಣ. ಬ್ಯಾಂಕಿನಿಂದ 25 ಲಕ್ಷ ಸಾಲ, ವರ್ಷಕ್ಕೆ ನೂರಕ್ಕೆ ಎಂಟೂವರೆ ಬಡ್ಡಿ, ಇಪ್ಪತ್ತು ವರ್ಷ ಎಂದಿಟ್ಟುಕೊಂಡರೆ ತಿಂಗಳ ಕಂತು ಸುಮಾರು 21,700 ರೂಪಾಯಿ. ಇಪ್ಪತ್ತು ವರ್ಷದಲ್ಲಿ ಕಟ್ಟುವುದು 52 ಲಕ್ಷ. ಒಂದಕ್ಕೆ ಎರಡರಷ್ಟು, ಹೌದು. ಆದರೆ ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಬ್ಯಾಂಕು ಸಾಲ ಕೊಡಬೇಕಾದರೆ ಕಾಗದ ನೆಟ್ಟಗಿರಬೇಕು: ಭೂಪರಿವರ್ತನೆ ಆಗಿರಬೇಕು, ಲೇಔಟ್ ನಕ್ಷೆ ಮಂಜೂರಾಗಿರಬೇಕು, ಖಾತೆ ಸರಿಯಿರಬೇಕು. ಹೊಲವನ್ನು ಸುಣ್ಣದ ಗೆರೆ ಎಳೆದು ಹಂಚಿ ಮಾರುವ ರೆವಿನ್ಯೂ ಸೈಟಿಗೆ, ಬಿ ಖಾತೆಗೆ ಹೆಚ್ಚಿನ ಬ್ಯಾಂಕುಗಳು ಬಾಗಿಲು ಮುಚ್ಚುತ್ತವೆ. ಆಗ ನಮ್ಮವನು ಏನು ಮಾಡುತ್ತಾನೆ? ಚೀಟಿ ಎತ್ತುತ್ತಾನೆ, ಹೆಂಡತಿಯ ಓಲೆ ಅಡ ಇಡುತ್ತಾನೆ, ಫೈನಾನ್ಸಿನವನ ಹತ್ತಿರ ತಿಂಗಳಿಗೆ ನೂರಕ್ಕೆ ಎರಡರಂತೆ ಹತ್ತು ಲಕ್ಷ ತರುತ್ತಾನೆ. ತಿಂಗಳಿಗೆ ಬಡ್ಡಿಯೇ 20,000. ಅಸಲು ಹಾಗೇ ಕೂತಿರುತ್ತದೆ. ಬ್ಯಾಂಕಿನ 25 ಲಕ್ಷಕ್ಕೆ ಅಸಲು ಬಡ್ಡಿ ಸೇರಿ ಕಟ್ಟುವುದೂ, ಫೈನಾನ್ಸಿನ 10 ಲಕ್ಷಕ್ಕೆ ಬರೀ ಬಡ್ಡಿ ಕಟ್ಟುವುದೂ ಹೆಚ್ಚುಕಡಿಮೆ ಒಂದೇ. ಅಗ್ಗದ ಸೈಟು ಯಾರಿಗೆ ಅಗ್ಗ ಎಂದು ಯೋಚನೆ ಮಾಡಿ.

ಮೇಲ್ಜಾತಿಯ ಸಹೋದ್ಯೋಗಿ ಅದೇ ಸಂಬಳ ತಗೊಂಡು ಕೆಂಗೇರಿಯಲ್ಲೋ ರಾಜರಾಜೇಶ್ವರಿನಗರದಲ್ಲೋ ನೆಟ್ಟಗಿನ ಕಾಗದದ ಮನೆ ಕೊಳ್ಳುತ್ತಾನೆ, ನಮ್ಮವನು ರೆವಿನ್ಯೂ ಸೈಟಿಗೆ ಬೀಳುತ್ತಾನೆ. ಇಬ್ಬರ ಬುದ್ಧಿಯಲ್ಲಿ ವ್ಯತ್ಯಾಸವಿಲ್ಲ. ಬ್ಯಾಂಕು 30 ಲಕ್ಷದವರೆಗಿನ ಸಾಲವನ್ನು ಮನೆ ಬೆಲೆಯ ನೂರಕ್ಕೆ 90ರವರೆಗೆ ಕೊಡಬಹುದು. ಉಳಿದ ಹತ್ತು, ಅದರ ಮೇಲೆ ಸ್ಟಾಂಪು, ಅದರ ಮೇಲೆ ನೋಂದಣಿ ಶುಲ್ಕ ಕೈಯಿಂದ ಹಾಕಬೇಕು. ಆ ನೋಂದಣಿ ಶುಲ್ಕವೂ 2025ರ ಆಗಸ್ಟ್ ಕೊನೆಯಲ್ಲಿ ನೂರಕ್ಕೆ ಒಂದರಿಂದ ಎರಡಾಯಿತು. 28 ಲಕ್ಷದ ಮನೆಗೆ ಅದೊಂದೇ 56,000. ಅವನ ಕೈದುಡ್ಡು ಅಪ್ಪನ ತೆಂಗಿನ ತೋಟದಿಂದ, ಮಾವನ ಅಂಗಡಿಯಿಂದ ಬರುತ್ತದೆ. ನಮ್ಮವನಿಗೆ ಅಪ್ಪನಿಂದ ಬರುವುದು ತಂಗಿಯ ಮದುವೆಯ ಸಾಲ.

ಈಗ ಜಾತಿಯ ಮಾತು. ಪೇಟೆಗೆ ಬಂದರೆ ಜಾತಿ ಹೋಗುತ್ತದೆ ಎಂದು ನಂಬಿದ ಕಾಲವೊಂದಿತ್ತು. ಬೆಂಗಳೂರಿನ ಐ.ಐ.ಎಂ.ನ ಸಂಶೋಧಕರು 2011ರ ಜನಗಣತಿಯ ಅಂಕಿಗಳನ್ನು ಹಿಡಿದು ದೇಶದ ದೊಡ್ಡ ನಗರಗಳನ್ನು ನೋಡಿದರು. ವಾರ್ಡಿನ ಲೆಕ್ಕದಲ್ಲಿ ಎಲ್ಲ ಜಾತಿಯೂ ಬೆರೆತಂತೆ ಕಾಣುತ್ತದೆ. ನೂರು ಚಿಲ್ಲರೆ ಮನೆಗಳ ಗಣತಿ ಬ್ಲಾಕಿಗೆ ಇಳಿದು ನೋಡಿದರೆ ಬೀದಿ ಬೀದಿಯೇ ಬೇರೆ ಎಂದು ಕಾಣುತ್ತದೆ. 2015ರಲ್ಲಿ ಸುಖದೇವ್ ಥೋರಟ್ ಮತ್ತು ಜೊತೆಯವರು ದೆಹಲಿ ಮತ್ತು ಅದರ ಸುತ್ತಲಿನ ಫರೀದಾಬಾದು, ಗಾಜಿಯಾಬಾದು, ನೋಯ್ಡಾ, ಗುರ್ಗಾಂವ್‌ಗಳಲ್ಲಿ ಬಾಡಿಗೆ ಮನೆ ಕೇಳಿಸಿ ಪರೀಕ್ಷೆ ಮಾಡಿದರು. ದಲಿತ, ಮುಸ್ಲಿಂ ಹೆಸರು ಹೇಳಿದವರಿಗೆ ಮನೆ ಸಿಗುವುದು ಕಡಿಮೆ, ಸಿಕ್ಕರೂ ಷರತ್ತು ಜಾಸ್ತಿ. ಅದೂ ಬೇಡ, ಇಲ್ಲೇ ನೋಡಿ. 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಬೋರ್ಡು ಬದನೆಕಾಯಿ ವಿಚಾರ ಅಲ್ಲ ಅಂತ ನಿಮಗೂ ಗೊತ್ತು, ಬೋರ್ಡು ಹಾಕಿದವನಿಗೂ ಗೊತ್ತು.

ಬಾಡಿಗೆಗೆ ಹೋದಾಗ ಕೇಳುವ ಪ್ರಶ್ನೆ ಕೊಳ್ಳುವಾಗ ಕೇಳುವುದಿಲ್ಲ, ದುಡ್ಡಿಗೆ ಮೈಲಿಗೆ ಇಲ್ಲ ಅಂತಾರೆ. ಅರ್ಧ ನಿಜ. ಕೆಂಗೇರಿ ಕಡೆಯ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಕಂಪನಿಯವನು ಯಾರಿಗಾದರೂ ಮಾರುತ್ತಾನೆ. ಕೇಳುವುದು ಆಮೇಲೆ ಶುರು: 'ನಿಮ್ಮದು ಯಾವ ಊರು? ಆ ಊರಲ್ಲಿ ಯಾರ ಪೈಕಿ?' ಬಿಡದಿ ಸುತ್ತಿನ ಹಳ್ಳಿಗೆ ಅಂಟಿದ ಲೇಔಟಿನಲ್ಲಿ ಮಾರುವ ಮೊದಲೇ ಕೇಳುತ್ತಾರೆ, ಸುತ್ತಿ ಬಳಸಿ ಕೇಳುವುದೂ ಇಲ್ಲ. ಜಾತಿಯ ಹೆಸರಿನ ಗೃಹ ನಿರ್ಮಾಣ ಸಹಕಾರ ಸಂಘಗಳೂ ಇವೆ. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಎಂಬ ಗುಜರಾತಿನ ಒಂದು ಸಂಘದ ಬೈಲಾವನ್ನು ಸುಪ್ರೀಂ ಕೋರ್ಟು 2005ರಲ್ಲಿ ಎತ್ತಿಹಿಡಿದಿದೆ. ಪಾರ್ಸಿಗಳು ಬೆರಳೆಣಿಕೆಯ ಜನ, ಅವರ ಮೇಲೆ ನಮಗೆ ಸಿಟ್ಟಿಲ್ಲ. ಆ ತೀರ್ಪಿನ ನೆರಳಲ್ಲಿ ಯಾರು ಯಾರು ಕೂರುತ್ತಾರೆ ಎಂಬುದು ನಮ್ಮ ಚಿಂತೆ.

ಕಾನೂನು ನಮ್ಮ ಕಡೆ ಇಲ್ಲವೇ ಅಂದರೆ, ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮು ಓದಿ. ಹೋಟೆಲು, ಬಾವಿ, ಸ್ಮಶಾನ ಎಲ್ಲರಿಗೂ ಬಾಯಿಪಾಠ. ಅದೇ ಕಲಮಿನಲ್ಲಿ, ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟುವುದಕ್ಕೆ, ಪಡೆಯುವುದಕ್ಕೆ, ಅದರಲ್ಲಿ ಇರುವುದಕ್ಕೆ ಅಸ್ಪೃಶ್ಯತೆಯ ಕಾರಣದಿಂದ ಅಡ್ಡಿ ಮಾಡಿದರೂ ಅಪರಾಧ ಎಂದಿದೆ. ಲಾ ಕಾಲೇಜಿನ ಗೆಳೆಯರಾದರೂ ಇದನ್ನು ಹಾಸ್ಟೆಲ್ಲಿನ ಗೋಡೆಗೆ ಬರೆದು ಅಂಟಿಸಬೇಕಿತ್ತು.

ಇಲ್ಲೊಂದು ಹಳೇ ಜಗಳ ಎದ್ದು ಬರುತ್ತದೆ. ಅವರ ನಡುವೆ ಹೋಗಿ ಇರಬೇಕೋ, ನಮ್ಮವರ ಜೊತೆಯೇ ಇರಬೇಕೋ? ಎರಡೂ ಕಡೆಯವರು ಬಾಬಾಸಾಹೇಬರನ್ನೇ ಸಾಕ್ಷಿಗೆ ಕರೆಯುತ್ತಾರೆ. ಕೊಲಂಬಿಯಾದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಹೋದ ಆ ವಿದ್ವಾಂಸನಿಗೆ ಊರಲ್ಲಿ ಮನೆ ಸಿಗಲಿಲ್ಲ. ಪಾರ್ಸಿ ಎಂದು ಹೇಳಿಕೊಂಡು ಪಾರ್ಸಿ ಛತ್ರದಲ್ಲಿ ಉಳಿದರು. ಗೊತ್ತಾದ ದಿನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು. ಮುಂದೆ ಮುಂಬಯಿಯಲ್ಲಿ ಪರೇಲಿನ ಕಾರ್ಮಿಕರ ಚಾಳಿನಲ್ಲಿ ವರ್ಷಾನುಗಟ್ಟಲೆ ಇದ್ದರು. 1930ರ ದಶಕದಲ್ಲಿ ತಮ್ಮ ಪುಸ್ತಕಗಳಿಗೂ ಜಾಗ ಬೇಕೆಂದು 'ರಾಜಗೃಹ' ಕಟ್ಟಿಸಿದ್ದು ಎಲ್ಲಿ? ದಾದರಿನ ಹಿಂದೂ ಕಾಲೋನಿಯಲ್ಲಿ. ಹೆಸರೇ ಹಿಂದೂ ಕಾಲೋನಿ! ಅದೇ ಬಾಬಾಸಾಹೇಬರ ನಾಯಕತ್ವದಲ್ಲಿ 1942ರ ಜುಲೈನಲ್ಲಿ ನಾಗಪುರದಲ್ಲಿ ಸೇರಿದ ಪರಿಷತ್ತು ಅಸ್ಪೃಶ್ಯರಿಗೆ ಪ್ರತ್ಯೇಕ ಗ್ರಾಮಗಳು ಬೇಕು ಎಂದು ನಿರ್ಣಯ ಮಾಡಿತು. ಇದರಲ್ಲಿ ವಿರೋಧ ಹುಡುಕುವವರು ಹುಡುಕಲಿ. ನಮಗೆ ಕಾಣುವುದು ಇಷ್ಟು: ಎರಡು ಕಡೆಯೂ ಅವರು ಕೇಳಿದ್ದು ಇನ್ನೊಬ್ಬರ ಹಂಗಿಲ್ಲದ ನೆಲ. ಬರೋಡಾದ ಛತ್ರದಲ್ಲಿ ಹೆಸರು ಮುಚ್ಚಿಟ್ಟು ಇದ್ದರು, ದಾದರಿನಲ್ಲಿ ಹೆಸರು ಮುಚ್ಚಿಡಲಿಲ್ಲ.

ಹಾಲಿನಲ್ಲಿ ಬಾಬಾಸಾಹೇಬರ ಫೋಟೋ ಹಾಕಿದರೆ ಅಕ್ಕಪಕ್ಕದವರಿಗೆ ಗೊತ್ತಾಗುತ್ತೆ ಅಂತ ಮಲಗುವ ಕೋಣೆಯ ಬೀರು ಒಳಗೆ ಇಟ್ಟುಕೊಂಡಿರುವ ನೌಕರಸ್ಥರು ಇದ್ದಾರೆ. ಅವರನ್ನು ಬೈಯಬೇಡಿ. ಮಗು ಪಕ್ಕದ ಮನೆಗೆ ಆಡಲು ಹೋಗುವುದು ನಿಂತುಹೋದೀತು ಎಂಬ ಭಯ ಎಷ್ಟು ದೊಡ್ಡದು ಅನ್ನುವುದು ಅದನ್ನು ಪಟ್ಟವರಿಗೇ ಗೊತ್ತು. ಆದರೆ ಇಪ್ಪತ್ತು ವರ್ಷ ಕಂತು ಕಟ್ಟುವ ಮನೆಯಲ್ಲಿ ಇಪ್ಪತ್ತು ವರ್ಷ ಬೀರು ಮುಚ್ಚಿಕೊಂಡು ಇರೋಕಾಗುತ್ತಾ? ಅದಕ್ಕೆ ಒಂದು ಉಪಾಯ ನಮಗೆ ತೋಚುವುದು: ಒಬ್ಬನೇ ಹೋಗಬೇಡಿ. ಒಂದೇ ಬ್ಯಾಚಿನ, ಒಂದೇ ಆಫೀಸಿನ ನಾಲ್ಕೈದು ಮನೆಯವರು ಮಾತಾಡಿಕೊಂಡು ಒಂದೇ ಲೇಔಟಿನಲ್ಲಿ, ಒಂದೇ ಅಪಾರ್ಟ್‌ಮೆಂಟಿನಲ್ಲಿ ತಗೊಳ್ಳಿ. ನಾಲ್ಕು ಮನೆಯ ಹಾಲಿನಲ್ಲಿ ಫೋಟೋ ಇದ್ದರೆ ಐದನೆಯವನು ಬೀರು ತೆಗೆಯುತ್ತಾನೆ. ನಿವಾಸಿಗಳ ಸಂಘದ ಚುನಾವಣೆಗೂ ನಿಲ್ಲಬಹುದು.

ಇಷ್ಟೆಲ್ಲಾ ಹೇಳಿ ಮುಖ್ಯ ಮಾತಿಗೆ ಈಗ ಬರುತ್ತಿದ್ದೇವೆ. ಸೈಟು ಕೆಂಗೇರಿಯಲ್ಲೋ ಬಿಡದಿಯಲ್ಲೋ ಎನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು, ಆ ಸೈಟು ಬಿದ್ದಿರುವ ಸರ್ವೆ ನಂಬರು ಯಾರದ್ದು?

ಬೆಂಗಳೂರು ಸುತ್ತಿನ ಹಳೇ ಹಳ್ಳಿ ಯಾವುದನ್ನೇ ನೋಡಿ, ಊರಿಗೆ ಅಂಟಿಕೊಂಡು ಒಂದು ಎ.ಕೆ. ಕಾಲೋನಿ ಇರುತ್ತದೆ. ಆದಿ ಕರ್ನಾಟಕದವರ ಕಾಲೋನಿ, ಅಂದರೆ ನಮ್ಮ ಕೇರಿ. ನಗರ ಬಂದು ಹಳ್ಳಿಯನ್ನು ನುಂಗಿದಾಗ ಊರಿನವರ ಹೊಲ ಲೇಔಟಾಗುತ್ತದೆ, ಅವರು ಬಿಲ್ಡಿಂಗು ಕಟ್ಟಿ ಬಾಡಿಗೆಗೆ ಬಿಡುತ್ತಾರೆ. ನಮ್ಮ ಕೇರಿ ಸ್ಲಮ್ಮಾಗುತ್ತದೆ. ಅದೇ ಜನ, ಅದೇ ಜಾಗ, ನಿನ್ನೆವರೆಗೆ ಕೇರಿ, ಇವತ್ತಿನಿಂದ ಕೊಳಚೆ ಪ್ರದೇಶ. ಹಾಗಾದರೆ ಕೇರಿಯವರಿಗೆ ಹೊಲ ಇರಲಿಲ್ಲವೇ? ಹಲವರಿಗೆ ಇತ್ತು. ದರಖಾಸ್ತಿನಲ್ಲಿ ಸರ್ಕಾರ ಕೊಟ್ಟ ಎಕರೆ, ಎರಡೆಕರೆ. ಸಾಗುವಳಿ ಚೀಟಿ ಕೊಟ್ಟು, ಇಷ್ಟು ವರ್ಷ ಮಾರಕೂಡದು, ಕೆಲವಕ್ಕೆ ಎಂದೆಂದಿಗೂ ಮಾರಕೂಡದು ಎಂದು ಷರತ್ತು ಹಾಕಿ ಕೊಟ್ಟದ್ದು. ಆ ಜಮೀನು ಹೇಗೆ ಹೋಯಿತು ಅಂತ ನಿಮ್ಮ ಅಜ್ಜಿಯರನ್ನು ಕೇಳಿ. ಮದುವೆಗೆ ಕೊಟ್ಟ ಐನೂರಕ್ಕೆ, ಆಸ್ಪತ್ರೆಗೆ ಕೊಟ್ಟ ಸಾವಿರಕ್ಕೆ, ಹೆಂಡದಂಗಡಿಯ ಬಾಕಿಗೆ ಹೆಬ್ಬೆಟ್ಟು ಒತ್ತಿಸಿಕೊಂಡರು.

ಇದನ್ನು ಹಿಂದಕ್ಕೆ ತರಲಿಕ್ಕೆಂದೇ ದೇವರಾಜ ಅರಸರ ಕಾಲದಲ್ಲಿ 1978ರ ಕಾಯ್ದೆ ಬಂತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ, ಜನರ ಬಾಯಲ್ಲಿ ಪಿ.ಟಿ.ಸಿ.ಎಲ್. 1979ರ ಜನವರಿ 1ರಿಂದ ಜಾರಿ. ಷರತ್ತು ಮೀರಿ ಮಾರಿದ ಮಂಜೂರಾತಿ ಜಮೀನಿನ ಕ್ರಯ, ಕಾಯ್ದೆ ಬರುವ ಮೊದಲು ಆಗಿರಲಿ ಆಮೇಲೆ ಆಗಿರಲಿ, ಊರ್ಜಿತವಲ್ಲ. ಕಾಯ್ದೆ ಬಂದ ಮೇಲೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಯಾರೂ ಮಾರುವಂತಿಲ್ಲ, ಯಾರೂ ಕೊಳ್ಳುವಂತಿಲ್ಲ. ಅರ್ಜಿ ಕೊಟ್ಟರೆ ಉಪವಿಭಾಗಾಧಿಕಾರಿ, ಅಂದರೆ ಎ.ಸಿ., ವಿಚಾರಣೆ ಮಾಡಿ ಜಮೀನನ್ನು ಮೂಲ ಮಂಜೂರುದಾರನಿಗೆ, ಅವನಿಲ್ಲದಿದ್ದರೆ ವಾರಸುದಾರರಿಗೆ ಬಿಡಿಸಿಕೊಡಬೇಕು. ಭೂಮಾಲೀಕರು ಸುಪ್ರೀಂ ಕೋರ್ಟಿನವರೆಗೂ ಹೋದರು. ಮಂಚೇಗೌಡ ಪ್ರಕರಣದಲ್ಲಿ 1984ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಮೂವತ್ತಮೂರು ವರ್ಷ ಆದ ಮೇಲೆ, 2017ರಲ್ಲಿ, ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಕೋರ್ಟು, ಅರ್ಜಿಯನ್ನು ಸಮಂಜಸ ಅವಧಿಯೊಳಗೆ ಹಾಕಬೇಕಿತ್ತು ಎಂದಿತು. ಅಲ್ಲಿಂದ ಎ.ಸಿ. ಕೋರ್ಟುಗಳಲ್ಲಿ, ಹೈಕೋರ್ಟಿನಲ್ಲಿ ನಮ್ಮ ಅರ್ಜಿಗಳು ಸಾಲುಸಾಲಾಗಿ ಬಿದ್ದವು. ಹೆಬ್ಬೆಟ್ಟಿನ ಹೆಂಗಸಿಗೆ ಕಾಯ್ದೆ ಬಂದಿದೆ ಎಂದು ಯಾರು ಯಾವಾಗ ಹೇಳಿದ್ದರು ಸ್ವಾಮಿ, ಸಮಂಜಸ ಅವಧಿ ಲೆಕ್ಕ ಹಾಕಲಿಕ್ಕೆ? ಧರಣಿ ಕೂತು, ಕೂಗಿ, 2023ರಲ್ಲಿ ತಿದ್ದುಪಡಿ ಆಯಿತು. ಅರ್ಜಿಗೆ ಕಾಲಮಿತಿ ಇಲ್ಲ ಎಂದು ಬರೆಸಿಕೊಂಡೆವು. ಆಮೇಲೂ ವಿಳಂಬದ ಮಾತು ಕೋರ್ಟುಗಳಲ್ಲಿ ಕೇಳಿಬರುತ್ತಲೇ ಇದೆ.

ಈಗ ನಮ್ಮ ಮೇಷ್ಟ್ರು ಇಷ್ಟಪಟ್ಟ ಸೈಟಿಗೆ ಬನ್ನಿ. ಬ್ರೋಷರು ಚೆನ್ನಾಗಿದೆ, ಗೇಟಿಗೆ ಕಮಾನಿದೆ, ತೆಂಗಿನ ಸಸಿ ನೆಟ್ಟಿದ್ದಾರೆ. ಇ.ಸಿ. ತೆಗೆಸಿದರೆ ಕಳೆದ ಹದಿನೈದು ವರ್ಷದಲ್ಲಿ ಯಾವ ತಕರಾರೂ ಇಲ್ಲ. ಅಷ್ಟಕ್ಕೇ ಸಮಾಧಾನ ಪಟ್ಟುಕೊಂಡರೆ ಕೆಟ್ಟಿರಿ. ಹದಿನೈದು ವರ್ಷದ ಇ.ಸಿ.ಯಲ್ಲಿ 1965ರ ಸಾಗುವಳಿ ಚೀಟಿ ಕಾಣುವುದಿಲ್ಲ. ಹಳೇ ಕೈಬರಹದ ಪಹಣಿ ತೆಗೆಸಬೇಕು, ಮ್ಯುಟೇಷನ್ ರಿಜಿಸ್ಟರು ನೋಡಬೇಕು. ಜಮೀನು ಮೊದಲು ಯಾರ ಹೆಸರಿಗೆ, ಯಾವ ಆದೇಶದ ಮೇಲೆ ಬಂತು ಅನ್ನುವುದು ಅಲ್ಲಿರುತ್ತದೆ. ಹೆಸರಿನ ಮುಂದೆ 'ಎ.ಕೆ.' ಎಂದೋ, 'ಗ್ರಾಂಟ್', 'ದರಖಾಸ್ತು' ಎಂದೋ ಕಂಡರೆ ಅಲ್ಲೇ ನಿಲ್ಲಿ. ಮಂಜೂರಾತಿ ಕಡತದ ನಕಲು ತಾಲ್ಲೂಕು ಕಚೇರಿಯಲ್ಲಿ ಕೇಳಿ. ಎ.ಸಿ. ಕಚೇರಿಯಲ್ಲಿ ಆ ಸರ್ವೆ ನಂಬರಿನ ಮೇಲೆ ಪಿ.ಟಿ.ಸಿ.ಎಲ್. ಕೇಸು ಇದೆಯೋ ಇಲ್ಲವೋ ಬರವಣಿಗೆಯಲ್ಲಿ ತಗೊಳ್ಳಿ. ಕೆಂಗೇರಿ ಹೋಬಳಿ ಬೆಂಗಳೂರು ದಕ್ಷಿಣ ತಾಲ್ಲೂಕಿಗೆ, ಬಿಡದಿ ಹೋಬಳಿ ರಾಮನಗರ ತಾಲ್ಲೂಕಿಗೆ ಸೇರಿದ್ದು. ಕಚೇರಿ ಬೇರೆ ಬೇರೆ. ತೋಟಿ, ತಳವಾರಿಕೆ, ನೀರುಗಂಟಿ ಚಾಕರಿಯ ಇನಾಂ ಜಮೀನಾದರೆ ಅದಕ್ಕೆ ಈ ಕಾಯ್ದೆ ಹತ್ತುವುದಿಲ್ಲ, ಅದರ ಕಾನೂನಿನ ದಾರಿ ಬೇರೆ. ಅದನ್ನೂ ತಿಳಿದವರ ಹತ್ತಿರ ಕೇಳಿ.

ದಲ್ಲಾಳಿ ಇದಕ್ಕೆ ಎರಡು ಉತ್ತರ ಕಲಿತಿದ್ದಾನೆ. ಮೊದಲನೆಯದು, 'ಖಾತೆ ಆಗಿದೆಯಲ್ಲ ಸಾರ್, ಬಿ ಖಾತೆ ಈಗ ಎ ಖಾತೆನೂ ಆಗುತ್ತೆ.' ಬೆಂಗಳೂರಿನಲ್ಲಿ ಅಂಥ ಯೋಜನೆ 2025ರಲ್ಲಿ ಬಂದದ್ದು ನಿಜ. ಆದರೆ ಖಾತೆ ಅಂದರೆ ಕಂದಾಯ ಯಾರಿಂದ ವಸೂಲಿ ಮಾಡಬೇಕು ಎಂಬ ಲೆಕ್ಕ. ಅದು ಮಾಲೀಕತ್ವದ ಪತ್ರ ಅಲ್ಲ. ಮೂಲ ಕ್ರಯವೇ ಊರ್ಜಿತವಲ್ಲದ ಮೇಲೆ ಖಾತೆಗೆ ಯಾವ ಅಕ್ಷರ ಹಾಕಿದರೇನು? ಎರಡನೆಯ ಉತ್ತರ ನಮ್ಮವರಿಗೆಂದೇ ಮಾಡಿಟ್ಟದ್ದು: 'ನೀವೂ ಎಸ್ಸಿನೇ ಅಲ್ವಾ ಸಾರ್, ನಿಮಗೆ ಪಿ.ಟಿ.ಸಿ.ಎಲ್. ಏನೂ ಆಗಲ್ಲ.' ಇದು ಶುದ್ಧ ಸುಳ್ಳು. ಅನುಮತಿ ಇಲ್ಲದೆ ಕೊಳ್ಳುವವನ ಜಾತಿ ಯಾವುದೆಂದು ಕಾಯ್ದೆ ಕೇಳುವುದಿಲ್ಲ.

ಕಾನೂನಿನ ಮಾತು ಬಿಟ್ಟು ಕೇಳಿ. ಎ.ಕೆ. ಕಾಲೋನಿಯ ಒಬ್ಬ ಮುದುಕಿ ತನ್ನ ಗಂಡನ ಹೆಸರಿನ ಸಾಗುವಳಿ ಚೀಟಿ ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದು ಎ.ಸಿ. ಕಚೇರಿಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಎದುರು ಪಕ್ಷದವರ ಪಟ್ಟಿಯಲ್ಲಿ ಲೇಔಟಿನ ಯಜಮಾನ ಇರುತ್ತಾನೆ, ಅವನ ಹಿಂದೆ ನೂರಿಪ್ಪತ್ತು ಜನ ಸೈಟಿನವರು. ಅದರಲ್ಲೊಬ್ಬ ನಮ್ಮ ಹಾಸ್ಟೆಲ್ಲಿನಲ್ಲಿ ಓದಿದವನು, ನಮ್ಮ ಮ್ಯಾಗಜೀನು ಕೊಳ್ಳುವವನು. ಅವನ ಇಪ್ಪತ್ತು ವರ್ಷದ ಕಂತು ಒಂದು ಕಡೆ, ಆಕೆಯ ಎರಡೆಕರೆ ಇನ್ನೊಂದು ಕಡೆ. ಲೇಔಟು ಮಾಡಿದವನು ದುಡ್ಡು ಎಣಿಸಿಕೊಂಡು ಆಗಲೇ ಮುಂದಿನ ಹೋಬಳಿಗೆ ಹೋಗಿರುತ್ತಾನೆ. ಆವತ್ತು ಚಳವಳಿ ಯಾರ ಕಡೆ ನಿಲ್ಲಬೇಕು? ನಾವು ಆ ಮುದುಕಿಯ ಕಡೆ ನಿಲ್ಲುತ್ತೇವೆ. ಈಗಲೇ ಹೇಳಿಬಿಡುತ್ತೇವೆ, ಆಮೇಲೆ ಮುಖ ಮುಖ ನೋಡುವ ಹಾಗಾಗಬಾರದು. ಕುಟುಂಬಕ್ಕೆ ನಿಜವಾಗಿ ಮಾರುವ ಇಷ್ಟವಿದ್ದರೆ ಸರ್ಕಾರದ ಅನುಮತಿ ಕೇಳುವ ದಾರಿ ಇದೆ. ಅನುಮತಿ ಪತ್ರ ತೋರಿಸದ ಮಂಜೂರಾತಿ ಜಮೀನಿಗೆ ನಮ್ಮವರು ಅಡ್ವಾನ್ಸು ಕೊಡಬಾರದು.

ಇನ್ನೊಂದು ಕಹಿ ಮಾತು. ದಲಿತ ಸಂಘಟನೆಯ ಹೆಸರು ಹೇಳಿಕೊಂಡು ಮುದುಕಿಯಿಂದ ಅರ್ಜಿ ಹಾಕಿಸಿ, ಲೇಔಟಿನವನ ಹತ್ತಿರ ರಾಜಿ ಮಾಡಿಸಿ, ಆಕೆಗೆ ಬಿಡಿಗಾಸು ಕೊಟ್ಟು ಉಳಿದದ್ದು ಜೇಬಿಗಿಳಿಸುವ ಲೆಟರ್‌ಹೆಡ್ ನಾಯಕರು ಎರಡೂ ಊರಲ್ಲಿ ಹುಟ್ಟಿಕೊಂಡಿದ್ದಾರೆ. ಭೂಮಾಲೀಕನಿಗೆ ಇವರಿಂದ ಆದಷ್ಟು ಉಪಕಾರ ಯಾರಿಂದಲೂ ಆಗಿಲ್ಲ. 'ಪಿ.ಟಿ.ಸಿ.ಎಲ್. ಅಂದರೆ ಬ್ಲ್ಯಾಕ್‌ಮೇಲು' ಎಂದು ಅವನು ಹೇಳುವ ಮಾತಿಗೆ ಸಾಕ್ಷಿ ಇವರೇ.

ನೀರಿನ ವಿಚಾರ ಚಿಕ್ಕದಾಗಿ ಹೇಳಿಬಿಡುತ್ತೇವೆ. ಎರಡೂ ಊರನ್ನು ಹೊಲಿದಿರುವುದು ವೃಷಭಾವತಿ. ಬೆಂಗಳೂರಿನ ಕಕ್ಕಸು, ಕಾರ್ಖಾನೆಯ ಬಣ್ಣ ಎಲ್ಲ ಹೊತ್ತು ಕೆಂಗೇರಿ ಪಕ್ಕ ಹರಿದು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬೀಳುತ್ತದೆ. ಮಲ ಹೊರುವುದನ್ನು ನಿಲ್ಲಿಸಿದ ಬಸವಲಿಂಗಪ್ಪನವರ ನಾಡಿನಲ್ಲಿ ಈಗ ಹೊಳೆ ಹೊರುತ್ತಿದೆ. ಅಗ್ಗ ಅಂತ ನಾಲೆ ದಂಡೆಗೆ ಹೋಗಬೇಡಿ, ಬೋರಿನ ನೀರು ಪರೀಕ್ಷೆ ಮಾಡಿಸದೆ ಕರಾರು ಬರೆಯಬೇಡಿ. ಬೈರಮಂಗಲ, ಕಂಚುಗಾರನಹಳ್ಳಿ ಕಡೆ ಟೌನ್‌ಶಿಪ್ಪಿಗೆಂದು 2025ರಲ್ಲಿ ಭೂಸ್ವಾಧೀನದ ಅಧಿಸೂಚನೆ ಬಂದಿದೆ, ರೈತರು ಬೀದಿಗಿಳಿದಿದ್ದಾರೆ. ಅಧಿಸೂಚನೆಯೊಳಗಿನ ಸರ್ವೆ ನಂಬರನ್ನು ಸೈಟು ಮಾಡಿ ಮಾರುವವನನ್ನು ಕಂಡರೆ ಹತ್ತಿರ ಸೇರಿಸಬೇಡಿ.

ಹಾಗಾದರೆ ಕೆಂಗೇರಿಯೋ ಬಿಡದಿಯೋ ಹೇಳಿ ಅಂತೀರಿ. ಇಬ್ಬರೂ ಬೆಂಗಳೂರಿನೊಳಗೆ ದುಡಿಯುವವರಾದರೆ ಕೆಂಗೇರಿ ಕಡೆ ಕಾಗದ ನೆಟ್ಟಗಿರುವ ಸಣ್ಣ ಫ್ಲಾಟೇ ವಾಸಿ ಅನ್ನುವುದು ನಮ್ಮ ಅಭಿಪ್ರಾಯ. ಬೆಲೆ ಜಾಸ್ತಿ, ಜಾಗ ಕಡಿಮೆ, ಆದರೆ ಬ್ಯಾಂಕಿನ ಸಾಲ ಸಿಗುತ್ತದೆ, ಮಕ್ಕಳಿಗೆ ಕಾಲೇಜು ಹತ್ತಿರ, ಬಸ್ಸು ರಾತ್ರಿವರೆಗೂ ಇದೆ. ಕಾರ್ಖಾನೆಯಲ್ಲಿ ದುಡಿಯುವವರು, ರಾಮನಗರ ಚನ್ನಪಟ್ಟಣದಲ್ಲಿ ನೌಕರಿ ಇರುವವರು, ಊರಿನಲ್ಲಿ ವಯಸ್ಸಾದ ತಂದೆತಾಯಿ ಇರುವವರು ಬಿಡದಿಯನ್ನು ಬಿಡಬೇಕಾಗಿಲ್ಲ. ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ದೂರದಲ್ಲಿ, ಪುರಸಭೆ ಮಿತಿಯೊಳಗೆ, ನಕ್ಷೆ ಮಂಜೂರಾದ, ರೇರಾದಲ್ಲಿ ನೋಂದಣಿಯಾದ ಲೇಔಟಾದರೆ ನೋಡಿ. ಬಿ.ಡಿ.ಎ. ಹಂಚಿಕೆಯಲ್ಲಿ ಪರಿಶಿಷ್ಟರಿಗೆ ಮೀಸಲು ಸೈಟುಗಳಿವೆ. ಅರ್ಜಿ ಕರೆದಾಗ ಹಾಕಿ. ನಮ್ಮ ಪಾಲಿನದನ್ನು ಕೇಳಲಿಕ್ಕೆ ನಾಚಿಕೆ ಯಾಕೆ?

ಹಾಸ್ಟೆಲ್ ಗೆಳೆಯರಿಗೆ ಈ ದಸರಾ ರಜೆಗೆ ಒಂದು ಕೆಲಸ. ಊರಿಗೆ ಹೋದಾಗ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿ. ಅಜ್ಜನ ಕಾಲದ ಸಾಗುವಳಿ ಚೀಟಿ, ಕಂದಾಯದ ರಸೀತಿ, ಅರ್ಥವಾಗದ ಹಳೇ ಕಾಗದ ಏನಿದ್ದರೂ ಅಸಲನ್ನು ಅಲ್ಲೇ ಭದ್ರವಾಗಿಟ್ಟು ಜೆರಾಕ್ಸ್ ಮಾತ್ರ ತನ್ನಿ. ಸರ್ವೆ ನಂಬರು ಬರೆದುಕೊಳ್ಳಿ, ಆ ನಂಬರಿನಲ್ಲಿ ಈಗ ಏನಿದೆ, ರಾಗಿ ಇದೆಯೋ ಕಮಾನಿದೆಯೋ, ಕಣ್ಣಾರೆ ನೋಡಿ ಬನ್ನಿ. ರಜೆ ಮುಗಿದ ಮೊದಲ ಭಾನುವಾರ ಹಾಸ್ಟೆಲ್ಲಿನ ಊಟದ ಹಾಲಿನಲ್ಲಿ ಸೇರೋಣ. ಪಹಣಿ, ಮ್ಯುಟೇಷನ್ ಓದಲು ಬಲ್ಲ ಇಬ್ಬರು ವಕೀಲ ಮಿತ್ರರು ಬರುತ್ತಾರೆ. ಸೈಟು ನೋಡುತ್ತಿರುವ ನೌಕರ ಗೆಳೆಯರೂ ತಮ್ಮ ಲೇಔಟಿನ ಕಾಗದ ಹಿಡಿದು ಅದೇ ದಿನ ಬರಲಿ, ಎರಡೂ ಕಾಗದವನ್ನು ಒಂದೇ ಮೇಜಿನ ಮೇಲೆ ಇಟ್ಟು ಓದೋಣ.